ಸ್ವಂತ ಹೃದಯಕ್ಕೆ ಟ್ಯೂಬ್ ತೂರಿಸಿಕೊಂಡ ಡಾಕ್ಟರ್: ಫಾರ್ವರ್ಡ್ ಹೇಳದೆ ಬಿಟ್ಟ ಕಥೆ

ವಾಟ್ಸ್ಆ್ಯಪ್‌ನಲ್ಲಿ ಆಗಾಗ ಸುತ್ತಿ ಬರುವ ಫಾರ್ವರ್ಡ್ ಇದು. ಒಂದು ಹಳೇ ಎಕ್ಸ್-ರೇ ಚಿತ್ರ, ಕೆಳಗೆ ನಾಲ್ಕು ಸಾಲು. ಜರ್ಮನಿಯ ಯುವ ಡಾಕ್ಟರೊಬ್ಬ ನರ್ಸನ್ನು ಮೇಜಿಗೆ ಕಟ್ಟಿಹಾಕಿ, ತನ್ನ ಕೈಯನ್ನು ತಾನೇ ಕುಯ್ದುಕೊಂಡು, ಹೃದಯದವರೆಗೆ ಟ್ಯೂಬ್ ತೂರಿಸಿಕೊಂಡ. ಆಸ್ಪತ್ರೆಯವರು ಕೆಲಸದಿಂದ ಓಡಿಸಿದರು. ಕಡೆಗೆ ಅದೇ ಕೆಲಸಕ್ಕೆ ನೊಬೆಲ್ ಬಂತು. ಕೊನೆಯಲ್ಲಿ ಕೈಮುಗಿಯುವ ಇಮೋಜಿ.

ಇದು ಸುಳ್ಳಾ? ಅಲ್ಲ, ಬಹುಪಾಲು ನಿಜ. ಆದರೆ ಫಾರ್ವರ್ಡ್ ಎರಡು ವಿಷಯ ಬಿಟ್ಟುಬಿಡುತ್ತದೆ. ಆ ಟ್ಯೂಬಿನಿಂದ ನಮಗೆ ಏನು ಉಪಕಾರವಾಯಿತು ಅನ್ನುವುದು ಒಂದು. ಆ ಮನುಷ್ಯ ಆಮೇಲೆ ಏನಾದ ಅನ್ನುವುದು ಇನ್ನೊಂದು. ಮೆಟ್ಟಿಲು ಹತ್ತಿದರೆ ಏದುಸಿರು ಬರುವ ನಿಮ್ಮ ಅಮ್ಮನಿಗೋ, ಹೃದಯದಲ್ಲಿ ರಂಧ್ರ ಇದೆ ಅಂತ ಡಾಕ್ಟರ್ ಹೇಳಿದ ಪಕ್ಕದ ಮನೆ ಮಗುವಿಗೋ ಈ ಕಥೆ ನೇರವಾಗಿ ಸಂಬಂಧಪಟ್ಟಿದ್ದು. ಅದಕ್ಕೇ ಪೂರ್ತಿ ಹೇಳೋಣ ಅನ್ನಿಸಿತು.

ಆತನ ಹೆಸರು ವರ್ನರ್ ಫೋರ್ಸ್‌ಮನ್. ಹುಟ್ಟಿದ್ದು ಬರ್ಲಿನ್‌ನಲ್ಲಿ, 1904ರ ಆಗಸ್ಟ್ 29ರಂದು. ತಂದೆ ವಕೀಲ. ಮೊದಲನೇ ಮಹಾಯುದ್ಧದಲ್ಲಿ ಸತ್ತುಹೋದರು. ಹುಡುಗ ಬರ್ಲಿನ್ ವಿಶ್ವವಿದ್ಯಾಲಯದಲ್ಲೇ ವೈದ್ಯಕೀಯ ಓದಿ, 1929ರಲ್ಲಿ ಪರೀಕ್ಷೆ ಮುಗಿಸಿ, ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡೆ ಅನ್ನುವ ಸಣ್ಣ ಊರಿನ ಆಸ್ಪತ್ರೆಗೆ ಸರ್ಜರಿ ಕಲಿಯಲು ಸೇರಿದ. ಅಲ್ಲಿನ ಮುಖ್ಯಸ್ಥ ರಿಚರ್ಡ್ ಷ್ನೈಡರ್ ಮನೆಯವರಿಗೆ ಪರಿಚಯದವರೇ.

ಆ ಕಾಲದಲ್ಲಿ ಹೃದಯ ಅಂದರೆ ಮುಟ್ಟಬಾರದ ಅಂಗ. ನಿಂತುಹೋಗುತ್ತಿರುವ ಹೃದಯಕ್ಕೆ ತುರ್ತಾಗಿ ಔಷಧ ಕೊಡಬೇಕಾದರೆ ಎದೆಗೂಡಿನ ಮೂಲಕ ಉದ್ದ ಸೂಜಿಯನ್ನು ನೇರವಾಗಿ ಚುಚ್ಚುತ್ತಿದ್ದರು. ಸೂಜಿ ಶ್ವಾಸಕೋಶಕ್ಕೆ ತಗುಲಬಹುದು, ಹೃದಯದ ಮೇಲಿನ ರಕ್ತನಾಳ ಹರಿಯಬಹುದು. ಬೇರೆ ದಾರಿ ಇಲ್ಲವೇ ಅಂತ ಫೋರ್ಸ್‌ಮನ್ ಯೋಚಿಸುತ್ತಿದ್ದ. ಒಂದು ಪುಸ್ತಕದಲ್ಲಿ ನೋಡಿದ್ದ ಚಿತ್ರ ಅವನ ತಲೆಯಲ್ಲಿ ಕೂತಿತ್ತು. ಫ್ರಾನ್ಸಿನ ಶೋವೋ ಮತ್ತು ಮಾರೇ ಅನ್ನುವ ವಿಜ್ಞಾನಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕುದುರೆಯ ಕುತ್ತಿಗೆಯ ರಕ್ತನಾಳದಿಂದ ಹೃದಯಕ್ಕೆ ನಳಿಕೆ ಇಳಿಸಿ ಒತ್ತಡ ಅಳೆದಿದ್ದರು. ಕುದುರೆಗೆ ಏನೂ ಆಗಿರಲಿಲ್ಲ. ಮನುಷ್ಯನ ಮೊಣಕೈ ಮಡಿಕೆಯಲ್ಲಿ ಕಾಣುವ ನೀಲಿ ನಾಳವೂ ಹೋಗಿ ಸೇರುವುದು ಅದೇ ಹೃದಯವನ್ನೇ ಅಲ್ಲವೇ?

ಮೇಲಧಿಕಾರಿ ಷ್ನೈಡರ್ ಒಪ್ಪಲಿಲ್ಲ. ರೋಗಿಗಳ ಮೇಲೂ ಬೇಡ, ನಿನ್ನ ಮೇಲೂ ಬೇಡ ಅಂದರು. ಫೋರ್ಸ್‌ಮನ್ ಕದ್ದುಮುಚ್ಚಿ ಮಾಡಲು ಹೊರಟ. ಮೊದಲ ಸಲ ಒಬ್ಬ ಸಹೋದ್ಯೋಗಿಯನ್ನು ಒಪ್ಪಿಸಿ ನಳಿಕೆ ತೂರಿಸಲು ಹೇಳಿದ. ಅರ್ಧ ದಾರಿಗೆ ಆ ಸಹೋದ್ಯೋಗಿಗೆ ಭಯವಾಗಿ ನಿಲ್ಲಿಸಿಬಿಟ್ಟ. ಒಂದು ವಾರ ಬಿಟ್ಟು ಮತ್ತೆ ಪ್ರಯತ್ನ. ಈ ಸಲ ಬೇಕಾಗಿದ್ದು ಸ್ಟೆರಿಲೈಸ್ ಮಾಡಿದ ಸಲಕರಣೆ. ಅದರ ಬೀಗದ ಕೈ ಇದ್ದದ್ದು ಸರ್ಜರಿ ವಿಭಾಗದ ನರ್ಸ್ ಗೆರ್ಡಾ ಡಿಟ್ಸನ್ ಹತ್ತಿರ. ಪ್ರಯೋಗ ನನ್ನ ಮೇಲೇ ಮಾಡಿ ಅಂತ ಆಕೆಯೇ ಮುಂದೆ ಬಂದಳು. ಆತ ಆಕೆಯನ್ನು ಮೇಜಿನ ಮೇಲೆ ಮಲಗಿಸಿ ಕೈಕಾಲು ಕಟ್ಟಿ, ಆಕೆಗೆ ಕಾಣದ ಹಾಗೆ ತನ್ನ ಎಡಗೈಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟುಕೊಂಡು, ನಾಳವನ್ನು ತೆರೆದು, ನಳಿಕೆ ತೂರಿಸಿಕೊಂಡ. ಅದು ಹೃದಯಕ್ಕೆಂದು ಮಾಡಿದ ನಳಿಕೆಯೇ ಅಲ್ಲ. ಮೂತ್ರನಾಳಕ್ಕೆ ಹಾಕುವ, 65 ಸೆಂಟಿಮೀಟರ್ ಉದ್ದದ ತೆಳು ರಬ್ಬರ್ ಕ್ಯಾಥೆಟರ್.

ಆಮೇಲೆ ಆಕೆಯ ಕಟ್ಟು ಬಿಚ್ಚಿ, ಇಬ್ಬರೂ ಎಕ್ಸ್-ರೇ ಕೋಣೆಗೆ ಹೋದರು. ಕೈಯಿಂದ ಟ್ಯೂಬ್ ನೇತಾಡುತ್ತಿರುವಾಗಲೇ ಆತ ಮೆಟ್ಟಿಲು ಇಳಿದು ನಡೆದ. ಎಕ್ಸ್-ರೇ ಪರದೆಯ ಮುಂದೆ ನಿಂತು, ಕನ್ನಡಿಯಲ್ಲಿ ನೋಡಿಕೊಂಡು, ನಳಿಕೆಯನ್ನು ಇನ್ನಷ್ಟು ಒಳಗೆ ತಳ್ಳಿದ. ಅಷ್ಟರಲ್ಲಿ ಸುದ್ದಿ ತಿಳಿದು ಓಡಿಬಂದ ಸಹೋದ್ಯೋಗಿ ಅದನ್ನು ಎಳೆದು ತೆಗೆಯಲು ನೋಡಿದ. ಆತನ ಮೊಣಕಾಲಿನ ಕೆಳಗೆ ಒದ್ದು ದೂರ ಇಟ್ಟೆ ಅಂತ ಫೋರ್ಸ್‌ಮನ್ ಆಮೇಲೆ ನೆನಪಿಸಿಕೊಂಡಿದ್ದಾನೆ. ತುದಿ ಹೃದಯದ ಬಲಭಾಗ ಮುಟ್ಟಿದಾಗ ಎಕ್ಸ್-ರೇ ತೆಗೆಸಿಕೊಂಡ. ಫಾರ್ವರ್ಡ್‌ನಲ್ಲಿ ಬರುವ ಚಿತ್ರ ಅದೇ.

ನರ್ಸಿನ ಪ್ರಸಂಗ ನಮಗೆ ಗೊತ್ತಾಗಿರುವುದು ಫೋರ್ಸ್‌ಮನ್ ಮುಂದೆ ತಾನೇ ಹೇಳಿಕೊಂಡಿದ್ದರಿಂದ. ಆಕೆ ಒಪ್ಪಿದ್ದು ಒಂದಕ್ಕೆ, ನಡೆದದ್ದು ಇನ್ನೊಂದು. ಇವತ್ತಿನ ಯಾವ ಆಸ್ಪತ್ರೆಯ ನೈತಿಕ ಸಮಿತಿಯೂ ಇದನ್ನು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಇದನ್ನು ಬರೀ ಧೈರ್ಯದ ಕಥೆಯಾಗಿ ಓದಲು ನನಗಂತೂ ಆಗುವುದಿಲ್ಲ.

ಇನ್ನು ಕೆಲಸದಿಂದ ಓಡಿಸಿದ ವಿಷಯ. ಎಬರ್ಸ್‌ವಾಲ್ಡೆಯಲ್ಲಿ ಹಾಗೇನೂ ಆಗಲಿಲ್ಲ. ಷ್ನೈಡರ್ ಬೈದರು, ಆದರೆ ಎಕ್ಸ್-ರೇ ನೋಡಿ ಇದು ದೊಡ್ಡ ಕೆಲಸ ಅಂತ ಒಪ್ಪಿ ಸಂಜೆ ಊಟಕ್ಕೂ ಕರೆದುಕೊಂಡು ಹೋದರು. ಸಾವಿನ ಅಂಚಿನಲ್ಲಿದ್ದ ಒಬ್ಬ ಮಹಿಳೆಗೆ ಅದೇ ರೀತಿ ಹೃದಯಕ್ಕೆ ಔಷಧ ಕೊಡಲು ಅನುಮತಿ ಸಿಕ್ಕಿತು. ಆಕೆ ಸ್ವಲ್ಪ ಹೊತ್ತು ಚೇತರಿಸಿಕೊಂಡರೂ ಉಳಿಯಲಿಲ್ಲ. 1929ರ ನವೆಂಬರ್‌ನಲ್ಲಿ ಜರ್ಮನ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಯಿತು. ಅಷ್ಟು ಹೊತ್ತಿಗೆ ಆತ ಬರ್ಲಿನ್‌ನ ದೊಡ್ಡ ಶಾರಿಟೆ ಆಸ್ಪತ್ರೆಯಲ್ಲಿ, ಆ ಕಾಲದ ಜರ್ಮನಿಯ ಅತಿ ಪ್ರಭಾವಿ ಸರ್ಜನ್ ಫರ್ಡಿನಾಂಡ್ ಸೌರ್‌ಬ್ರುಖ್ ಕೈಕೆಳಗೆ, ಸಂಬಳವಿಲ್ಲದ ಕೆಲಸಕ್ಕೆ ಸೇರಿದ್ದ. ದಿನಪತ್ರಿಕೆಗಳು ಸುದ್ದಿಯನ್ನು ಸಂತೆಯ ತಮಾಷೆಯ ಹಾಗೆ ಬರೆದವು. ನಮ್ಮವರು ಇದನ್ನು ಮೊದಲೇ ಮಾಡಿದ್ದರು ಅಂತ ಇನ್ನೊಬ್ಬ ಹಿರಿಯ ಸರ್ಜನ್ ತಕರಾರು ತೆಗೆದರು. ಸೌರ್‌ಬ್ರುಖ್‌ಗೆ ಸಿಟ್ಟು ಬಂತು. ಇಂಥ ಕಸರತ್ತು ಸರ್ಕಸ್ಸಿಗೆ ಸರಿ, ಮರ್ಯಾದಸ್ಥ ಆಸ್ಪತ್ರೆಗಲ್ಲ ಎಂಬ ಅರ್ಥದ ಮಾತಾಡಿ ಹೊರಗೆ ಕಳಿಸಿದರು. ಹಾಗಾಗಿ ಕೆಲಸ ಹೋದದ್ದು ನಿಜ, ಆದರೆ ಬೇರೆ ಊರಲ್ಲಿ, ಬೇರೆ ಆಸ್ಪತ್ರೆಯಲ್ಲಿ.

ಆತ ಎಬರ್ಸ್‌ವಾಲ್ಡೆಗೆ ವಾಪಸ್ ಬಂದು ಪ್ರಯೋಗ ಮುಂದುವರಿಸಿದ. ಎಕ್ಸ್-ರೇಯಲ್ಲಿ ಕಾಣುವಂಥ ದ್ರವವನ್ನು ನಳಿಕೆಯ ಮೂಲಕ ಬಿಟ್ಟರೆ ಹೃದಯ ಮತ್ತು ಶ್ವಾಸಕೋಶದ ರಕ್ತನಾಳಗಳ ಚಿತ್ರ ಸಿಗಬಹುದು ಅಂತ ಯೋಚಿಸಿ, ಮೊದಲು ನಾಯಿಗಳ ಮೇಲೆ, ಆಮೇಲೆ ತನ್ನ ಮೇಲೆ ಮಾಡಿ ನೋಡಿದ. 1931ರಲ್ಲಿ ಸರ್ಜನ್‌ಗಳ ಸಮ್ಮೇಳನದಲ್ಲಿ ಇದನ್ನು ಮಂಡಿಸಿದಾಗ ಯಾರೂ ಕಿವಿಗೊಡಲಿಲ್ಲ. ಅಲ್ಲಿಗೆ ಹೃದಯದ ದಾರಿ ಬಿಟ್ಟು ಮೂತ್ರರೋಗಗಳ ಡಾಕ್ಟರ್ ಆದ. 1933ರಲ್ಲಿ ವೈದ್ಯೆ ಎಲ್ಸ್‌ಬೆಟ್ ಎಂಗೆಲ್ ಜೊತೆ ಮದುವೆ. ಆರು ಮಕ್ಕಳು.

ಫಾರ್ವರ್ಡ್‌ನಲ್ಲಿ ಯಾವತ್ತೂ ಇರದ ಒಂದು ಮಾತು ಇಲ್ಲಿ ಬರಬೇಕು. 1932ರಲ್ಲಿ, ಹಿಟ್ಲರ್ ಇನ್ನೂ ಅಧಿಕಾರಕ್ಕೆ ಬರುವ ಮೊದಲೇ, ಫೋರ್ಸ್‌ಮನ್ ನಾಜಿ ಪಕ್ಷದ ಸದಸ್ಯನಾದ. ಮುಂದೆ ಡ್ರೆಸ್ಡನ್‌ನಲ್ಲಿ, ಬರ್ಲಿನ್‌ನಲ್ಲಿ ಒಳ್ಳೆ ಹುದ್ದೆಗಳು ಸಿಕ್ಕವು. ಅದೇ ವರ್ಷಗಳಲ್ಲಿ ಯಹೂದಿ ಡಾಕ್ಟರುಗಳನ್ನು ಜರ್ಮನಿಯ ಆಸ್ಪತ್ರೆಗಳಿಂದ ಹೊರಗೆ ಹಾಕುತ್ತಿದ್ದರು. ಯುದ್ಧದಲ್ಲಿ ಸೇನೆಯ ಸರ್ಜನ್ ಆಗಿದ್ದು, ಕೊನೆಗೆ ಅಮೆರಿಕನ್ನರ ಕೈಗೆ ಸೆರೆ ಸಿಕ್ಕಿದ. ಬಿಡುಗಡೆಯಾದ ಮೇಲೆ ಪಕ್ಷದ ಸದಸ್ಯತ್ವದ ಕಾರಣಕ್ಕೆ ಕೆಲವು ವರ್ಷ ವೈದ್ಯವೃತ್ತಿ ಮಾಡುವಂತಿರಲಿಲ್ಲ. ಮರ ಕಡಿಯುವ ಕೆಲಸ ಮಾಡಿದ. ಹೆಂಡತಿ ಹಳ್ಳಿಯಲ್ಲಿ ಡಾಕ್ಟರಿಕೆ ಮಾಡಿ ಮನೆ ನಡೆಸಿದಳು. 1950ರಲ್ಲಿ ಬಾಡ್ ಕ್ರೊಯಿಟ್ಸ್‌ನಾಖ್ ಅನ್ನುವ ಊರಿನಲ್ಲಿ ಮತ್ತೆ ಮೂತ್ರರೋಗದ ಡಾಕ್ಟರಾಗಿ ಕೂತ.

ಆ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಆಚೆ ಆತನ ನಳಿಕೆ ಎಲ್ಲಿಗೋ ಹೋಗಿ ಮುಟ್ಟಿತ್ತು.

ಶ್ವಾಸಕೋಶಕ್ಕೂ ಬೇರೆ ಬಿ.ಪಿ. ಇದೆಯಾ?

ಇದೆ. ಮುಂದಿನ ಕಥೆ ಅರ್ಥವಾಗಬೇಕಾದರೆ ಇದನ್ನು ಮೊದಲು ತಿಳಿದುಕೊಳ್ಳಬೇಕು. ಹೃದಯ ಒಂದೇ ಆದರೂ ಪಂಪು ಎರಡು. ಎಡಗಡೆ ಪಂಪು ರಕ್ತವನ್ನು ಇಡೀ ದೇಹಕ್ಕೆ ತಳ್ಳುತ್ತದೆ. ತೋಳಿಗೆ ಪಟ್ಟಿ ಸುತ್ತಿ 120/80 ಅಂತ ಅಳೆಯುವುದು ಅದರ ಒತ್ತಡ. ಬಲಗಡೆ ಪಂಪು ಅಷ್ಟೇ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಮಾತ್ರ ಕಳಿಸುತ್ತದೆ. ದಾರಿ ಹತ್ತಿರ, ನಾಳಗಳು ಮೆತ್ತಗೆ. ಹಾಗಾಗಿ ಅಲ್ಲಿನ ಸರಾಸರಿ ಒತ್ತಡ ಸುಮಾರು 14 ಮಿಲಿಮೀಟರ್ ಪಾದರಸ ಮಾತ್ರ. ಬಲಗಡೆ ಪಂಪಿನ ಗೋಡೆಯೂ ಅದಕ್ಕೆ ತಕ್ಕಂತೆ ತೆಳು.

ಶ್ವಾಸಕೋಶದ ಸಣ್ಣ ರಕ್ತನಾಳಗಳು ದಪ್ಪಗಾಗಿ, ಕಿರಿದಾಗಿ, ಇಲ್ಲವೇ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ ಈ ಒತ್ತಡ ಏರುತ್ತದೆ. ಸರಾಸರಿ 20 ದಾಟಿದರೆ ಅದಕ್ಕೆ ಪಲ್ಮನರಿ ಹೈಪರ್‌ಟೆನ್ಷನ್ ಅನ್ನುತ್ತಾರೆ. ಬಲಗಡೆಯ ತೆಳು ಪಂಪು ತಿಂಗಳುಗಟ್ಟಲೆ ತಿಣುಕಿ, ಊದಿಕೊಂಡು, ಕಡೆಗೆ ಸೋಲುತ್ತದೆ. ಹೊರಗೆ ಕಾಣುವ ಲಕ್ಷಣಗಳು ಸಾಮಾನ್ಯದವೇ. ನಡೆದರೆ ಏದುಸಿರು, ವಿಪರೀತ ಸುಸ್ತು, ಕಾಲು ಊತ, ಓಡಿದಾಗ ಕಣ್ಣು ಕತ್ತಲೆ ಬಂದು ಬೀಳುವುದು, ತುಟಿ ನೀಲಿಯಾಗುವುದು. ಗ್ಯಾಸು, ರಕ್ತಹೀನತೆ, ಉಬ್ಬಸ, ವಯಸ್ಸಾಯ್ತು ಅಂತ ದಿನ ಕಳೆದುಹೋಗುತ್ತದೆ. ತೋಳಿನ ಬಿ.ಪಿ. ನೋಡಿದರೆ ನಾರ್ಮಲ್! ಬಿ.ಪಿ. ನಾರ್ಮಲ್ ಇದೆ, ಹೃದಯಕ್ಕೇನೂ ಆಗಿಲ್ಲ ಅನ್ನುವ ನಂಬಿಕೆ ಇಲ್ಲಿ ಕೈಕೊಡುತ್ತದೆ. ತೋಳಿನ ಪಟ್ಟಿಗೆ ಶ್ವಾಸಕೋಶದ ಒತ್ತಡ ಗೊತ್ತಾಗುವುದೇ ಇಲ್ಲ.

ಹಾಗಾದರೆ ಅಳೆಯುವುದು ಹೇಗೆ? ಬದುಕಿರುವ ಮನುಷ್ಯನಲ್ಲಿ ಅಳೆಯುವ ದಾರಿಯೇ ಇರಲಿಲ್ಲ. ಸತ್ತ ಮೇಲೆ ಕುಯ್ದು ನೋಡಿದಾಗ ಊದಿದ ಬಲ ಹೃದಯ, ದಪ್ಪಗಾದ ನಾಳ ಕಾಣುತ್ತಿತ್ತು, ಅಷ್ಟೇ.

ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿದ್ದ ಇಬ್ಬರು ಈ ದಾರಿ ತೆರೆದರು. ಒಬ್ಬರು ಪ್ಯಾರಿಸ್‌ನಿಂದ ಹೋಗಿ ನೆಲೆಸಿದ್ದ ಆಂಡ್ರೆ ಕುರ್ನಾನ್, ಇನ್ನೊಬ್ಬರು ಡಿಕಿನ್ಸನ್ ರಿಚರ್ಡ್ಸ್. ಶ್ವಾಸಕೋಶದ ಮೂಲಕ ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತದೆ ಅನ್ನುವುದನ್ನು ಲೆಕ್ಕ ಹಾಕಲು ಅವರಿಗೆ ಬಲ ಹೃದಯದಿಂದಲೇ ತೆಗೆದ ರಕ್ತ ಬೇಕಾಗಿತ್ತು. ಫೋರ್ಸ್‌ಮನ್‌ನ ಹಳೇ ಲೇಖನ ಅವರ ಕೈಯಲ್ಲಿತ್ತು. ನಾಯಿ, ಚಿಂಪಾಂಜಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ, 1941ರಲ್ಲಿ ಮನುಷ್ಯರ ಮೇಲಿನ ಫಲಿತಾಂಶ ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಕ್ಯಾಥೆಟರಿನ ತುದಿಯನ್ನು ಬಲ ಹೃದಯ ದಾಟಿಸಿ ಶ್ವಾಸಕೋಶದ ಅಪಧಮನಿಗೇ ಮುಟ್ಟಿಸಿ ಒತ್ತಡ ಅಳೆದರು. ಫೋರ್ಸ್‌ಮನ್ ತೋರಿಸಿದ್ದು ಸಾಧ್ಯತೆ. ಅದನ್ನು ನಂಬಬಹುದಾದ ಪರೀಕ್ಷೆಯಾಗಿ ಮಾಡಿದ್ದು ಇವರ ತಾಳ್ಮೆ. ಫಾರ್ವರ್ಡ್‌ಗಳಿಗೆ ತಾಳ್ಮೆಯ ಕಥೆ ರುಚಿಸುವುದಿಲ್ಲ ಅನ್ನಿ.

1951ರಲ್ಲಿ ನ್ಯೂಯಾರ್ಕಿನದೇ ಡೇವಿಡ್ ಡ್ರೆಸ್‌ಡೇಲ್ ಮತ್ತು ಜೊತೆಗಾರರು, ಬೇರೆ ಯಾವ ಕಾರಣವೂ ಇಲ್ಲದೆ ಶ್ವಾಸಕೋಶದ ಒತ್ತಡ ಮಾತ್ರ ಏರಿದ್ದ ರೋಗಿಗಳ ಬಗ್ಗೆ ಕ್ಯಾಥೆಟರಿನ ಲೆಕ್ಕಗಳ ಸಮೇತ ಬರೆದರು. ಅಲ್ಲಿಯವರೆಗೆ ಶವಪರೀಕ್ಷೆಯ ಮೇಜಿನ ಮೇಲೆ ಸಿಗುತ್ತಿದ್ದ ಕಾಯಿಲೆ ಬದುಕಿರುವಾಗಲೇ ಕೈಗೆ ಸಿಕ್ಕಿತು.

1956ರಲ್ಲಿ ವೈದ್ಯಕೀಯ ನೊಬೆಲ್ ಕುರ್ನಾನ್, ರಿಚರ್ಡ್ಸ್, ಫೋರ್ಸ್‌ಮನ್ ಮೂವರಿಗೂ ಸೇರಿ ಬಂತು. ಫೋರ್ಸ್‌ಮನ್‌ಗೆ ಆಗ 52 ವರ್ಷ, ಹೃದಯ ಬಿಟ್ಟು ಎಷ್ಟೋ ಕಾಲವಾಗಿತ್ತು. ಒಬ್ಬನೇ ಪಡೆದ ಅನ್ನುವ ಫಾರ್ವರ್ಡ್ ಬಂದರೆ ಅದು ತಪ್ಪು. ಆ್ಯಂಜಿಯೋಪ್ಲಾಸ್ಟಿ ಕಂಡುಹಿಡಿದ ಅನ್ನುವುದೂ ತಪ್ಪು. ಬಲೂನು ಹಾಕಿ ಹೃದಯದ ನಾಳ ಹಿಗ್ಗಿಸುವುದನ್ನು 1977ರಲ್ಲಿ ಮೊದಲು ಮಾಡಿದ್ದು ಆಂಡ್ರಿಯಾಸ್ ಗ್ರುಂಟ್ಸಿಗ್, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ.

ಮಕ್ಕಳಿಗೆ ಈ ನಳಿಕೆ ಯಾಕೆ ಮುಖ್ಯ?

ಹೊಟ್ಟೆಯೊಳಗಿರುವ ಮಗು ಉಸಿರಾಡುವುದಿಲ್ಲ. ಅದರ ಶ್ವಾಸಕೋಶದ ನಾಳಗಳು ಬಿಗಿದುಕೊಂಡಿರುತ್ತವೆ, ಒತ್ತಡ ಹೆಚ್ಚೇ ಇರುತ್ತದೆ. ಹುಟ್ಟಿ ಮೊದಲ ಉಸಿರು ಎಳೆದಾಗ ನಾಳಗಳು ಬಿಚ್ಚಿಕೊಂಡು ಒತ್ತಡ ಇಳಿಯತೊಡಗುತ್ತದೆ. ಕೆಲವು ಕೂಸುಗಳಲ್ಲಿ ಇಳಿಯುವುದೇ ಇಲ್ಲ. ಅದು ಹುಟ್ಟಿದ ಗಳಿಗೆಯ ತುರ್ತು.

ಇನ್ನು ಕೆಲವು ಮಕ್ಕಳ ಹೃದಯದ ಎಡ-ಬಲ ಪಂಪುಗಳ ನಡುವಿನ ಗೋಡೆಯಲ್ಲಿ ರಂಧ್ರ ಇರುತ್ತದೆ. ಸಣ್ಣ ರಂಧ್ರ ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ದೊಡ್ಡದಾದರೆ ಎಡಗಡೆಯ ಜೋರಿನ ರಕ್ತ ಬಲಗಡೆಗೆ ನುಗ್ಗಿ ಶ್ವಾಸಕೋಶಕ್ಕೆ ಬಡಿಯುತ್ತದೆ. ಮೆತ್ತಗಿನ ನಾಳಗಳು ಆ ಹೊಡೆತ ತಾಳಲು ದಪ್ಪಗಾಗುತ್ತ ಹೋಗುತ್ತವೆ. ವರ್ಷಗಳು ಕಳೆದಂತೆ ಶ್ವಾಸಕೋಶದ ಒತ್ತಡವೇ ಮೇಲುಗೈಯಾಗಿ ರಕ್ತ ಉಲ್ಟಾ ಹರಿಯತೊಡಗುತ್ತದೆ. ಆಮ್ಲಜನಕವಿಲ್ಲದ ರಕ್ತ ಮೈಗೆಲ್ಲ ಸೇರಿ ತುಟಿ, ಉಗುರು ನೀಲಿಯಾಗುತ್ತವೆ. ವಿಯೆನ್ನಾದ ವಿಕ್ಟರ್ ಐಸೆನ್‌ಮೆಂಗರ್ 1897ರಲ್ಲಿ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದರಿಂದ ಇದಕ್ಕೆ ಅವರದೇ ಹೆಸರು.

ವಿಚಿತ್ರವೆಂದರೆ ಆ ಹಂತ ತಲುಪಿದ ಮೇಲೆ ರಂಧ್ರ ಮುಚ್ಚುವುದೇ ಅಪಾಯ. ಏರಿದ ಒತ್ತಡಕ್ಕೆ ಆ ರಂಧ್ರವೇ ಹೊರದಾರಿ. ಮುಚ್ಚಿದರೆ ಬಲ ಹೃದಯ ತಡೆಯುವುದಿಲ್ಲ. ಹಾಗಾಗಿ ತಡವಾಗಿ ಬಂದ ಮಗುವಿನಲ್ಲಿ ಇನ್ನೂ ಮುಚ್ಚಬಹುದೋ, ಕಾಲ ಮೀರಿದೆಯೋ ಅನ್ನುವ ಪ್ರಶ್ನೆ ಬರುತ್ತದೆ. ಎಕೋ ಪರೀಕ್ಷೆ ಒಂದು ಅಂದಾಜು ಕೊಡುತ್ತದೆ. ಅಂದಾಜು ಸಾಲದೆ ಹೋದಾಗ ನಳಿಕೆ ಹಾಕಿ ಒತ್ತಡ ಎಷ್ಟು, ಹರಿವು ಎಷ್ಟು, ಆಮ್ಲಜನಕ ಅಥವಾ ಔಷಧ ಕೊಟ್ಟರೆ ಇಳಿಯುತ್ತದೆಯೇ ಅಂತ ನೋಡುತ್ತಾರೆ. ದೊಡ್ಡವನಾದ ಮೇಲೆ ಆಪರೇಷನ್ ಮಾಡಿಸೋಣ, ಈಗ ಮಗು ಎಳಸು ಅನ್ನುವ ಮನೆಯ ಹಿರಿಯರ ಮಾತು ಪ್ರೀತಿಯಿಂದಲೇ ಬಂದಿರುತ್ತದೆ. ದೊಡ್ಡ ರಂಧ್ರದ ವಿಷಯದಲ್ಲಿ ಆ ಕಾಯುವಿಕೆಯೇ ಬಾಗಿಲು ಮುಚ್ಚಿಬಿಡಬಹುದು. ಯಾವಾಗ ಅನ್ನುವುದನ್ನು ಮಕ್ಕಳ ಹೃದಯತಜ್ಞರನ್ನೇ ಕೇಳಿ.

ಈ ಪರೀಕ್ಷೆ ಈಗ ಬೆಂಗಳೂರು, ಮೈಸೂರು, ಕಲಬುರಗಿಯ ಕ್ಯಾಥ್ ಲ್ಯಾಬ್‌ಗಳಲ್ಲೂ ಇದೆ. ತೊಡೆಸಂದಿ, ಕುತ್ತಿಗೆ ಇಲ್ಲವೇ ತೋಳಿನ ನಾಳದಿಂದ ತೆಳು ನಳಿಕೆ ಹಾಕುತ್ತಾರೆ. ದೊಡ್ಡವರಿಗೆ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಮಕ್ಕಳಿಗೆ ನಿದ್ದೆ ಬರಿಸುವ ಔಷಧ. ಕ್ಯಾಥೆಟರ್ ಹಾಕಿದರೆ ಸ್ಟೆಂಟ್ ಹಾಕೇ ಹಾಕುತ್ತಾರೆ ಅನ್ನುವ ಹೆದರಿಕೆ ಇದ್ದರೆ ಬಿಡಿ, ಇದು ಅಳತೆಯ ಪರೀಕ್ಷೆ. ಅಪಾಯ ಸೊನ್ನೆ ಅಂತ ಯಾರೂ ಹೇಳುವುದಿಲ್ಲ, ಸಹಿ ಹಾಕುವ ಮೊದಲು ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಅಂದಹಾಗೆ, ಈ ಕಾಯಿಲೆಗೆ ಮಕ್ಕಳಿಗೂ ಬರೆಯುವ ಸಿಲ್ಡೆನಾಫಿಲ್ ಅನ್ನುವುದು ವಯಾಗ್ರಾದಲ್ಲಿರುವ ಔಷಧವೇ. ಗೂಗಲ್ ಮಾಡಿ ಗಾಬರಿಯಾಗಿ ನಿಲ್ಲಿಸಬೇಡಿ. ಅದು ಶ್ವಾಸಕೋಶದ ನಾಳಗಳನ್ನು ಸಡಿಲಿಸುತ್ತದೆ. ಅಮೆರಿಕದಲ್ಲಿ 2005ರಲ್ಲೇ ಈ ಕಾಯಿಲೆಗೆ ಒಪ್ಪಿಗೆ ಸಿಕ್ಕಿದೆ. ಡಾಕ್ಟರನ್ನು ಕೇಳದೆ ಶುರು ಮಾಡುವುದೂ ಬೇಡ, ಥಟ್ಟನೆ ಬಿಡುವುದೂ ಬೇಡ.

ಫೋರ್ಸ್‌ಮನ್ ಬದುಕಿದ್ದಾಗಲೇ, ಆತನ ದೇಶದಲ್ಲೇ ನಡೆದ ಇನ್ನೊಂದು ಘಟನೆ ಇದೆ. ತೆಳ್ಳಗಾಗುವ ಗುಳಿಗೆಗಳ ಜಾಹೀರಾತು ಫಾರ್ವರ್ಡ್ ಮಾಡುವವರು ಇದನ್ನು ಓದಬೇಕು. 1965ರಿಂದ ಪಶ್ಚಿಮ ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ಹಸಿವು ಕಡಿಮೆ ಮಾಡುವ ಅಮಿನೋರೆಕ್ಸ್ ಅನ್ನುವ ಗುಳಿಗೆ ಮಾರಾಟಕ್ಕೆ ಬಂತು. ಒಂದೆರಡು ವರ್ಷದಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಏದುಸಿರಿನ ರೋಗಿಗಳು ಇದ್ದಕ್ಕಿದ್ದಂತೆ ಹೆಚ್ಚಾದರು, ಅವರಲ್ಲಿ ಹೆಚ್ಚಿನವರು ಹೆಂಗಸರು. ನಳಿಕೆ ಹಾಕಿ ಅಳೆದಾಗ ಶ್ವಾಸಕೋಶದ ಒತ್ತಡ ಏರಿರುವುದು ಸಿಕ್ಕಿಬಿತ್ತು. 1968ರಲ್ಲಿ ಗುಳಿಗೆಯನ್ನು ಹಿಂದಕ್ಕೆ ತೆಗೆದುಕೊಂಡರು, ಅಷ್ಟರಲ್ಲಿ ಹಲವರು ಸತ್ತಿದ್ದರು. ಆ ಕಾಯಿಲೆಯ ಬಗ್ಗೆಯೇ ವಿಶ್ವ ಆರೋಗ್ಯ ಸಂಸ್ಥೆ 1973ರಲ್ಲಿ ಜಿನೀವಾದಲ್ಲಿ ಮೊದಲ ಸಭೆ ಕರೆಯಿತು.

ನೊಬೆಲ್ ಬಂದ ಮೇಲೂ ಫೋರ್ಸ್‌ಮನ್ ಹೃದಯದ ಸಂಶೋಧನೆಗೆ ಮರಳಲಿಲ್ಲ. ಆ ವಿದ್ಯೆ ಆತನನ್ನು ದಾಟಿ ಬಹಳ ಮುಂದೆ ಹೋಗಿತ್ತು. ಡ್ಯೂಸೆಲ್ಡಾರ್ಫ್‌ನ ಆಸ್ಪತ್ರೆಯೊಂದರಲ್ಲಿ ಸರ್ಜರಿ ಮುಖ್ಯಸ್ಥನಾಗಿ ಕೆಲಸ ಮಾಡಿ ನಿವೃತ್ತನಾದ. 1972ರಲ್ಲಿ ಆತ್ಮಕಥೆ ಬರೆದ. ಜರ್ಮನಿಯ ನೈರುತ್ಯ ಮೂಲೆಯ ಷೋಪ್ಫ್‌ಹೈಮ್ ಅನ್ನುವ ಊರಿನಲ್ಲಿ 1979ರ ಜೂನ್ 1ರಂದು, 74ನೇ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದಲೇ ತೀರಿಕೊಂಡ. ಎಬರ್ಸ್‌ವಾಲ್ಡೆ ಊರಿನ ಆಸ್ಪತ್ರೆಗೆ ಈಗ ಆತನದೇ ಹೆಸರು.